60 ದಾಟಿದ ಮೇಲೆ ಕುದುರೆ ಕಟ್ಟಿದ್ದು

ಮನೆಯಲ್ಲಿ ಕುದುರೆ ಇದೆ ಅಂದ ತಕ್ಷಣ ಜನ ಕೇಳುವುದು ಒಂದೇ, "ಎಷ್ಟು ಕೊಟ್ರಿ?" ಕೊಂಡ ದುಡ್ಡು ಒಂದು ಸಲದ್ದು, ಮರೆತುಹೋಗುತ್ತದೆ. ತಿಂಗಳು ತಿಂಗಳು ಕೈಬಿಟ್ಟು ಹೋಗುವುದೇ ಜಾಸ್ತಿ. ಬೇಲೂರಿನಲ್ಲಿ ಒಂದು ಸಣ್ಣ ಮನೆಗೆ ಕೊಡುವ ಬಾಡಿಗೆಯಷ್ಟು ನನ್ನ ಪೆನ್ಷನ್ನಿನಲ್ಲಿ ಹುಲ್ಲು, ಹುರುಳಿ, ಗೊರಸು ತಿದ್ದುವವರು ಅಂತ ಹೋಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡವರು ಮುಂದೆ ಓದಿ.

ಹುಚ್ಚು ಚಿಕ್ಕಂದಿನದು. ಹಾಸನದಲ್ಲಿ ಆಗ ಜಟಕಾ ಓಡುತ್ತಿದ್ದವು. ನಮ್ಮಪ್ಪ ಜಟಕಾದವನ ಪಕ್ಕ ಕೂರಿಸಿದರೆ ನನಗೆ ಊಟ ಬೇಡ, ತಿಂಡಿ ಬೇಡ. ಶಾಲೆಯಿಂದ ಹಳೇಬೀಡಿಗೆ ಹೋದಾಗ ಎಲ್ಲರೂ ದೇವರ ಮೂರ್ತಿಗಳ ಮುಂದೆ ನಿಂತರೆ, ನಾನು ಕೆಳಗಿನ ಪಟ್ಟಿಕೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಆನೆ, ಸಿಂಹ, ಬಳ್ಳಿ, ಅದರ ಮೇಲೆ ಸವಾರರನ್ನು ಹೊತ್ತ ಕುದುರೆಗಳ ಸಾಲು. ಮುಂದೆ ಹೈಸ್ಕೂಲು ಟೀಚರ್ ಆಗಿ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಮದುವೆ, ಮಗಳು, ಮನೆ ಸಾಲ, ಅತ್ತೆಯ ಕಾಯಿಲೆ. ಕುದುರೆಗೆ ಜಾಗ ಸಿಕ್ಕಿದ್ದು ನಿವೃತ್ತಿ ಆದ ಮೇಲೆ.

ಕೊಳ್ಳುವ ಮೊದಲು ಸವಾರಿ ಕಲಿತೆ. ಮಗಳ ಮನೆ ಮೈಸೂರಿನಲ್ಲಿ. ಅಲ್ಲಿ ಸವಾರಿ ಹೇಳಿಕೊಡುವವರು ಇದ್ದಾರೆ. ದಸರಾ ಮೆರವಣಿಗೆಯ ಅಶ್ವಾರೋಹಿ ಪೊಲೀಸ್ ಪಡೆಯೂ ಅದೇ ಊರಿನದು, ಹಾಗಾಗಿ ಕುದುರೆ ಬಲ್ಲ ಜನ ಅಲ್ಲಿ ಸಿಗುತ್ತಾರೆ. ನಾನು ಸೇರಿದ ತರಗತಿಯಲ್ಲಿ ಮಿಕ್ಕವರೆಲ್ಲ ಸ್ಕೂಲು ಮಕ್ಕಳು. ಅವರಿಗೆ ನಾನು "ಅಜ್ಜಿ". ಕಲಿಸುವವರು ಮಾತ್ರ ಮುಲಾಜಿಲ್ಲದೆ ಕೂಗುತ್ತಿದ್ದರು: "ಮೇಡಂ, ಲಗಾಮು ಹಿಡ್ಕೊಂಡು ನೇತಾಡಬೇಡಿ. ಸೊಂಟದಲ್ಲಿ ಕೂತ್ಕೊಳ್ಳಿ!" ಕುದುರೆ ಹತ್ತುವ ಮುಂಚೆ ಮೂಳೆ ಡಾಕ್ಟರಿಗೆ ತೋರಿಸಿಕೊಂಡೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತದೆ. ಈ ವಯಸ್ಸಿನಲ್ಲಿ ಬಿದ್ದರೆ ಮಕ್ಕಳ ಹಾಗೆ ಧೂಳು ಕೊಡವಿಕೊಂಡು ಏಳಲು ಆಗುವುದಿಲ್ಲ. ಹೆಲ್ಮೆಟ್ ಇಲ್ಲದೆ ಈಗಲೂ ಹತ್ತುವುದಿಲ್ಲ.

ಎಂಥ ಕುದುರೆ ಅನ್ನುವುದರಲ್ಲಿ ನನಗೆ ಗೊಂದಲ ಇರಲಿಲ್ಲ. ರೇಸ್ ಬಿಟ್ಟ ಥರೋಬ್ರೆಡ್ ಕುದುರೆಗಳು ಕಡಿಮೆ ಬೆಲೆಗೆ ಬರುತ್ತವೆ, ನೋಡಲೂ ಚೆಂದ. ಆದರೆ ಓಡುವುದಕ್ಕೇ ಬೆಳೆಸಿದ ಪ್ರಾಣಿ ಅದು, ನನ್ನಂಥವಳಿಗೆ ಅಲ್ಲ. ಮಾರವಾಡಿ ಕುದುರೆಯ ಒಳಕ್ಕೆ ಬಾಗಿದ ಕಿವಿ ನೋಡಿ ಮನಸ್ಸು ಜಾರಿತು, ನಿಜ. ಕೊನೆಗೆ ತಂದದ್ದು ಮಿಶ್ರ ತಳಿಯ ಹೆಣ್ಣು ಕುದುರೆ. ಕಂದು ಬಣ್ಣ, 14 ಕೈ ಎತ್ತರ. ಕುದುರೆಯವರ ಲೆಕ್ಕದಲ್ಲಿ ಒಂದು ಕೈ ಅಂದರೆ 4 ಇಂಚು. ತೂಕ ಸುಮಾರು 350 ಕೆಜಿ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನುತ್ತಾರೆ. ಅಂದರೆ 70 ಕೆಜಿ. ಅದಕ್ಕೆ ಸರಿಯಾಗಿ ನಾನೂ ಸ್ವಲ್ಪ ಇಳಿದೆ.

ನೋಡಲು ಹೋದಾಗ ನಮ್ಮೂರಿನ ಹಿರಿಯರೊಬ್ಬರು ಜೊತೆಗೆ ಬಂದಿದ್ದರು. ಅವರು ಎತ್ತಿಗೆ ನೋಡುವಂತೆ ಮೊದಲು ಮೈಮೇಲಿನ ಕೂದಲ ಸುಳಿ ನೋಡಿದರು. ಹಣೆ, ಎದೆ, ಬೆನ್ನು ಎಲ್ಲ ತಡಕಿ "ಮನೆಗೆ ಆಗಿಬರುತ್ತೆ ಕಣಮ್ಮ" ಅಂದರು. ಸುಳಿಯಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಮಾರುವವರೂ ಅದನ್ನೇ ನಂಬಿ ಬೆಲೆ ಏರಿಸುವುದು, ಇಳಿಸುವುದು ಮಾಡುತ್ತಾರೆ, ತಿಳಿದಿರಲಿ. ಪಶುವೈದ್ಯರು ನೋಡಿದ್ದು ಹಲ್ಲು. ಮೇಲಿನ ಬಾಚಿಹಲ್ಲುಗಳಲ್ಲಿ ಕೊನೆಯದನ್ನು ತೋರಿಸಿದರು. ಒಸಡಿನಿಂದ ಕೆಳಕ್ಕೆ ಒಂದು ಕಂದು ಗೀರು. ಅದು ಹತ್ತನೇ ವಯಸ್ಸಿನ ಹೊತ್ತಿಗೆ ಕಾಣಿಸಿಕೊಂಡು, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಇಳಿದಿರುತ್ತದಂತೆ. ಇವಳದು ಅರ್ಧಕ್ಕೆ ಇನ್ನೂ ಕೊಂಚ ಬಾಕಿ ಇತ್ತು. ಮಾರುವವರು "ಎಂಟು ವರ್ಷ" ಅಂದಿದ್ದರು! ವಯಸ್ಸಾಗಿದ್ದೇ ನನಗೆ ಬೇಕಿತ್ತು, ಹಾಗಾಗಿ ಜಗಳ ಆಡದೆ ಬೆಲೆ ಇಳಿಸಿಕೊಂಡೆ. ಗಟ್ಟಿ ನೆಲದ ಮೇಲೆ ನಡೆಸಿ, ಕುಕ್ಕುಲೋಟ ಓಡಿಸಿ ಕುಂಟು ಇದೆಯಾ ನೋಡಿದೆವು. ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗದೆ ದುಡ್ಡು ಕೊಡಲಿಲ್ಲ. ಅದು ಮನುಷ್ಯರಿಗೂ ಅಂಟುವ ರೋಗ.

ಅವಳು ಬರುವ ಮುಂಚೆ ಜಾಗ ಸಿದ್ಧವಾಗಿರಬೇಕು. ನಮ್ಮ ಕಡೆ ಎಲ್ಲಿ ನೋಡಿದರೂ ಮುಳ್ಳುತಂತಿ ಬೇಲಿ. ಹಸು ಅದನ್ನು ಕಂಡು ನಿಲ್ಲುತ್ತದೆ. ಬೆದರಿದ ಕುದುರೆ ಒಳಗೇ ನುಗ್ಗಿ ಕಾಲು ಸೀಳಿಕೊಳ್ಳುತ್ತದೆ. ತಂತಿ ಬಿಚ್ಚಿಸಿ ಸರ್ವೆ ಮರದ ಅಡ್ಡಗಳನ್ನು ಹಾಕಿಸಿದೆ. ಅಂಗಳದ ಕಣಗಿಲೆ ಗಿಡಗಳನ್ನು ಬೇರು ಸಮೇತ ಕೀಳಿಸಿದೆ. ಅತ್ತೆ ಪೂಜೆಗೆ ಹಾಕಿದ್ದ ಗಿಡಗಳು, ನಮ್ಮನೆಯವರಿಗೆ ಬೇಜಾರಾಯಿತು. ಆದರೆ ಅದರ ಸ್ವಲ್ಪ ಎಲೆಯೂ ಕುದುರೆಗೆ ವಿಷ. ಹಳೆಯ ಕೊಟ್ಟಿಗೆಯ ಮಾಡು ಎತ್ತರಿಸಿ, ಜಾರುವ ಕಲ್ಲುಚಪ್ಪಡಿ ತೆಗೆಸಿ ಮಣ್ಣು ಬಡಿಸಿದೆ. 12 ಅಡಿಗೆ 12 ಅಡಿ ಲಾಯ ಆಯಿತು. ಪಕ್ಕದಲ್ಲೇ ನಮ್ಮ ನಾಟಿ ಹಸು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾದರೆ ಕಳವಳಪಡುತ್ತದೆ. ಈಗ ಹಸು ಮೇಯಲು ಹೋದರೆ ಇವಳು ಕೆನೆದು ಊರಿಗೆಲ್ಲ ಹೇಳುತ್ತಾಳೆ.

ಹಸು ಸಾಕಿದ ಅನುಭವ ಮೇವಿನ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಹೋಗಬೇಕು. ಒಂದೇ ಸಲ ತುಂಬಿಸಿದರೆ, ಮೇವು ದಿಢೀರ್ ಬದಲಿಸಿದರೆ ಹೊಟ್ಟೆಶೂಲೆ ಬರುತ್ತದೆ. ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುವುದು, ಲದ್ದಿ ನಿಲ್ಲುವುದು ಕಂಡರೆ ಡಾಕ್ಟರಿಗೆ ಆಗಲೇ ಫೋನ್ ಮಾಡಬೇಕು. ಬೆಳಗಾಗಲಿ ಅಂತ ಕಾಯುವುದಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ. ಹಸುವಿನ ರೆಡಿಮೇಡ್ ಆಹಾರದ ಚೀಲ ಮಾತ್ರ ಲಾಯದ ಹತ್ತಿರ ಇಡಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಅನ್ನುವ ಔಷಧ ಸೇರಿಸಿರುತ್ತಾರೆ. ಹಸುವಿಗೆ ಅದು ಒಗ್ಗುತ್ತದೆ, ಕುದುರೆಯ ಹೃದಯವನ್ನೇ ಕೆಡಿಸುತ್ತದೆ.

ದಿನಕ್ಕೆ ಇವಳಿಗೆ, ಮೇವಿನಲ್ಲಿರುವ ನೀರಿನ ಅಂಶ ಬಿಟ್ಟು, ಸುಮಾರು 7 ಕೆಜಿ ಮೇವು ಬೇಕು. ಸಣ್ಣ ಸಣ್ಣದಾಗಿ ಹಂಚಿ ಹಾಕುತ್ತೇನೆ. ನೀರು 30 ಲೀಟರ್ ಆಸುಪಾಸು, ಬಿಸಿಲಿಗೆ ಇನ್ನೂ ಜಾಸ್ತಿ. ಹುರುಳಿ ಬೇಯಿಸಿ ಒಂದೆರಡು ಹಿಡಿ, ಅಷ್ಟೇ. ಕುದುರೆ ಅಂದರೆ ಹುರುಳಿ ಅಂತ ಮೊರದ ತುಂಬಾ ತಂದುಕೊಡುವ ನೆಂಟರನ್ನು ತಡೆಯುವುದೇ ಒಂದು ಕೆಲಸ.

ಕಷ್ಟ ಇರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಗೊರಸಿನ ಅಡಿಯಲ್ಲಿ ತ್ರಿಕೋನದ ಮೆತ್ತನೆ ಭಾಗ ಇದೆಯಲ್ಲ, ಅದರ ಅಕ್ಕಪಕ್ಕದ ಸಂದಿಯಲ್ಲಿ ಕೆಸರು ಕೂತು ಕೊಳೆಯುತ್ತದೆ. ಬೆಳಗ್ಗೆ, ಸಂಜೆ ನಾಲ್ಕೂ ಕಾಲೆತ್ತಿ ಕೊಕ್ಕೆಯಿಂದ ಕೆದಕುತ್ತೇನೆ. ಅವಳ ಬಾಲದ ಕಡೆಗೆ ಮುಖ ಮಾಡಿ ನಿಂತು, ಭುಜ ಅವಳ ಪಕ್ಕೆಗೆ ಒತ್ತಿ, ಕೈಯನ್ನು ಕಾಲಿನ ಗುಂಟ ಇಳಿಸಿದರೆ ತಾನೇ ಎತ್ತಿಕೊಡುತ್ತಾಳೆ. ಹಿಂಗಾಲು ಎತ್ತಿಕೊಟ್ಟು ಭಾರವನ್ನೆಲ್ಲ ನನ್ನ ಮೇಲೇ ಬಿಡುವುದು ಅವಳ ಚಾಳಿ. ಕಪ್ಪು ಕೊಳೆ, ಕೆಟ್ಟ ವಾಸನೆ ಬಂದರೆ ತೊಳೆದು, ಒರೆಸಿ ಒಣಗಿಸಿ ಅಯೋಡಿನ್ ದ್ರಾವಣ ಹಚ್ಚುತ್ತೇನೆ. ಟಾರ್ ರಸ್ತೆಗೆ ಕರೆದೊಯ್ಯದ ಕಾರಣ ಲಾಳ ಹೊಡೆಸಿಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ತಿದ್ದಿಸಲೇಬೇಕು. ಎತ್ತಿಗೆ ಲಾಳ ಕಟ್ಟುವವರ ಕೈಲಿ ಇದು ಆಗುವುದಿಲ್ಲ, ಕುದುರೆಯದ್ದೇ ಗೊತ್ತಿರುವವರು ಮೈಸೂರು ಕಡೆಯಿಂದ ಬರುತ್ತಾರೆ.

ಸವಾರಿ? ಬೆಳಗಿನ ಹೊತ್ತು ತೋಟದ ದಾರಿಯಲ್ಲಿ, ಜಾಸ್ತಿ ನಡಿಗೆಯಲ್ಲೇ. ಮೊಣಕಾಲು ಬಗ್ಗದ ದಿನ ಒರಳುಕಲ್ಲಿನ ಮೇಲೆ ನಿಂತು ಎಡಗಡೆಯಿಂದ ಹತ್ತುತ್ತೇನೆ. ನಾಗಾಲೋಟದ ಆಸೆ ಹತ್ತು ವರ್ಷದವಳಿದ್ದಾಗ ಇತ್ತು, ಈಗ ಇಲ್ಲ ಅಂದರೆ ಸುಳ್ಳು. ಆದರೂ ಓಡಿಸುವುದಿಲ್ಲ.

ಇನ್ನೊಂದು ಮಾತು ನಮ್ಮ ವಯಸ್ಸಿನವರು ಬಾಯಿಬಿಟ್ಟು ಆಡುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅವಳಿಗೆ 28 ಆಗುವಾಗ ನನಗೆ 75. ಆಮೇಲೆ ಯಾರು? ಮಗಳ ಹತ್ತಿರ ಕೂತು ಮಾತಾಡಿ, ಮುಂದೆ ನೋಡಿಕೊಳ್ಳುವವಳು ಅಂತ ಮಗಳ ಹೆಸರು, ಕುದುರೆ ನೋಡಿಕೊಳ್ಳುವ ನಮ್ಮ ಹುಡುಗನ ಸಂಬಳ, ಮೇವಿಗೆ ಎತ್ತಿಟ್ಟ ಠೇವಣಿ ಎಲ್ಲ ಕಾಗದದ ಮೇಲೆ ಬರೆದಿಟ್ಟೆ. "ಅಮ್ಮಾ, ನಿಂದು ಜಾಸ್ತಿ ಆಯ್ತು" ಅಂದಳು. ಸಹಿ ಮಾತ್ರ ಹಾಕಿದಳು.

ಈ ವರ್ಷ ಕುದುರೆ ತರುವವರಿಗೆ ಒಂದು ಸೂಚನೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ರಾಗಿ ಹುಲ್ಲು ವಾಸಿ. ರಾಗಿ ಕೊಯ್ಲು ಶುರುವಾಗುವ ಮುಂಚೆಯೇ ರೈತರಿಗೆ ಹೇಳಿಡಿ. ಒಕ್ಕಣೆ ಮುಗಿದ ಮೇಲೆ ಹೋದರೆ ಹಸು ಸಾಕುವವರು ಮೆದೆ ಸಮೇತ ಎತ್ತಿಕೊಂಡು ಹೋಗಿರುತ್ತಾರೆ. ಬೂಷ್ಟು ಹಿಡಿದ ಹುಲ್ಲನ್ನು ಪುಕ್ಕಟೆ ಕೊಟ್ಟರೂ ತರಬೇಡಿ.