ಮುಂದಾಳಿಲ್ಲದ ಸೈಕಲ್ ಸವಾರಿ: ಹೊಸದಾಗಿ ಬಂದವರು ತಿಳಿದಿರಬೇಕಾದದ್ದು

ತಿಂಗಳ ಕೊನೆಯ ಶುಕ್ರವಾರದ ಸಂಜೆ ವಿದೇಶದಲ್ಲಿ ನೀವಿರುವ ನಗರದ ಯಾವುದೋ ಚೌಕದಲ್ಲಿ ನೂರಾರು ಸೈಕಲ್ಲುಗಳು ಸೇರಿ, ಯಾರೂ ಸೀಟಿ ಊದದೆ, ಅಪ್ಪಣೆ ಕೊಡದೆ ಅವೆಲ್ಲ ಒಟ್ಟಾಗಿ ರಸ್ತೆಗಿಳಿಯುವುದನ್ನು ಕಂಡರೆ ಅದು ಬಹುಮಟ್ಟಿಗೆ ‘ಕ್ರಿಟಿಕಲ್ ಮಾಸ್’ (ನಿರ್ಣಾಯಕ ಸಂಖ್ಯೆ) ಎಂಬ ಸವಾರಿಯೇ ಆಗಿರುತ್ತದೆ. ಹೊಸಬರು ನನ್ನನ್ನು ಮೊದಲು ಕೇಳುವುದು, ಇದನ್ನು ನಡೆಸುವವರು ಯಾರು, ಹೆಸರು ಎಲ್ಲಿ ನೋಂದಾಯಿಸಬೇಕು ಎಂದು. ನಡೆಸುವವರು ಯಾರೂ ಇಲ್ಲ. ನೋಂದಣಿಯೂ ಇಲ್ಲ, ಶುಲ್ಕವೂ ಇಲ್ಲ. ಆದರೆ ಪೊಲೀಸರು ತಡೆದಾಗ ಮುಂದೆ ಬಂದು ಉತ್ತರಿಸುವ ಸಂಘಟಕರೂ ಇರುವುದಿಲ್ಲವಾದ್ದರಿಂದ, ಅಲ್ಲಿ ಪ್ರತಿಯೊಬ್ಬರೂ ತಮ್ಮ ನಡೆಗೆ ತಾವೇ ಹೊಣೆ.

ಈ ಸವಾರಿ ಮೊದಲು ಹೊರಟದ್ದು 1992ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕೆಲಸ ಮುಗಿಸಿ ಒಬ್ಬೊಬ್ಬರೇ ಕಾರುಗಳ ನಡುವೆ ಅಂಜುತ್ತಾ ಹೋಗುವ ಬದಲು ಒಟ್ಟಾಗಿ ಹೋಗೋಣವೆಂದು ಹೊರಟ ಸಣ್ಣ ಗುಂಪು ಅದು. ಈಗಿನ ಹೆಸರು ಬಂದದ್ದು ಟೆಡ್ ವೈಟ್ ಅವರ ಸಾಕ್ಷ್ಯಚಿತ್ರವೊಂದರಿಂದ. ಸಿಗ್ನಲ್ ಇಲ್ಲದ ಚೀನಾದ ಕೂಡುರಸ್ತೆಗಳಲ್ಲಿ ಸೈಕಲ್ ಸವಾರರು ಕಾಯುತ್ತಾ ನಿಂತು, ಸಂಖ್ಯೆ ಸಾಕಷ್ಟು ಬೆಳೆದೊಡನೆ ಒಮ್ಮೆಗೇ ದಾಟಿಬಿಡುತ್ತಿದ್ದ ಬಗೆಯನ್ನು ಸೈಕಲ್ ವಿನ್ಯಾಸಕ ಜಾರ್ಜ್ ಬ್ಲಿಸ್ ಅದರಲ್ಲಿ ವಿವರಿಸಿದ್ದರು. ಸವಾರಿಯ ಮರ್ಮವೂ ಅಷ್ಟೇ: ಒಬ್ಬ ಸವಾರನಿಗೆ ದಾರಿ ಬಿಡದ ರಸ್ತೆ ಇನ್ನೂರು ಸವಾರರಿಗೆ ಬಿಡುತ್ತದೆ. ‘ನಾವು ಸಂಚಾರವನ್ನು ತಡೆಯುತ್ತಿಲ್ಲ, ನಾವೇ ಸಂಚಾರ’ ಎಂಬ ಈ ಸವಾರರ ಘೋಷಣೆಯ ಅರ್ಥ ನಿಮಗೆ ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ.

ದಾರಿಯನ್ನು ನಿರ್ಧರಿಸುವವರು ಆ ಕ್ಷಣಕ್ಕೆ ಮುಂದಿರುವವರು. ಆರಂಭದ ದಿನಗಳಲ್ಲಿ ಮನಸ್ಸು ಬಂದವರು ತಾವು ಬರೆದ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದರು. ಹೆಚ್ಚು ಜನಕ್ಕೆ ಒಪ್ಪಿಗೆಯಾದ ದಾರಿಯೇ ಅಂದಿನ ದಾರಿಯಾಗುತ್ತಿತ್ತು. ಮುಂದಿರುವವರು ನಿಧಾನವಾಗಿ ಸಾಗುವುದು ಬಹು ಮುಖ್ಯ. ಅವರು ವೇಗ ಹೆಚ್ಚಿಸಿದರೆ ನಡುವೆ ತೆರಪು ಬಿದ್ದು, ಆ ತೆರಪಿಗೆ ಕಾರು ನುಗ್ಗುತ್ತದೆ. ಒಮ್ಮೆ ಒಡೆದ ಗುಂಪಿನ ಹಿಂಭಾಗದಲ್ಲಿ ಉಳಿದವರು, ಅಂದರೆ ಸಾಮಾನ್ಯವಾಗಿ ಮಕ್ಕಳೊಡನೆ ಬಂದವರು ಮತ್ತು ಹೊಸಬರು, ಸಿಟ್ಟಿಗೆದ್ದ ಚಾಲಕರ ನಡುವೆ ಸಿಕ್ಕಿಬೀಳುತ್ತಾರೆ. ಇದನ್ನು ತಪ್ಪಿಸಲೆಂದೇ ಅಡ್ಡರಸ್ತೆ ಬಂದಾಗ ಇಬ್ಬರು ಮೂವರು ಸವಾರರು ಕಾರುಗಳ ಮುಂದೆ ಸೈಕಲ್ ನಿಲ್ಲಿಸಿಕೊಂಡು, ಗುಂಪಿನ ಬಾಲ ದಾಟುವವರೆಗೆ ಕಾಯುತ್ತಾರೆ. ಇದಕ್ಕೆ ‘ಕಾರ್ಕಿಂಗ್’ ಎನ್ನುತ್ತಾರೆ. ಮೊದಲ ಸಲ ಹೀಗೆ ನಿಂತಾಗ ನಾನು ಚಾಲಕರೊಬ್ಬರಿಗೆ ರಸ್ತೆ ಯಾರದ್ದು ಎಂದು ದೀರ್ಘವಾಗಿ ಉಪದೇಶಿಸುತ್ತಿದ್ದೆ. ಗುಂಪಿನ ಬಾಲ ಆಗಲೇ ದಾಟಿ ಹೋಗಿ, ನಾನೊಬ್ಬನೇ ಅವರ ದಾರಿಗಡ್ಡವಾಗಿ ನಿಂತಿದ್ದೆ. ಆದುದರಿಂದ ಮೊದಲ ಮೂರು ನಾಲ್ಕು ಸವಾರಿಗಳಲ್ಲಿ ಕಾರ್ಕಿಂಗ್‌ಗೆ ಹೋಗದೆ ನಡುಭಾಗದಲ್ಲಿರಿ. ಮುಂದೆಂದಾದರೂ ನಿಂತರೆ ನಗುಮುಖದಿಂದ ಎರಡೇ ಮಾತು ಸಾಕು. ಎದುರು ಬದಿಯ ಪಥಕ್ಕೆ ಎಂದಿಗೂ ಹೋಗಬೇಡಿ. ಆಂಬುಲೆನ್ಸಿನ ಸದ್ದು ಕೇಳಿದರೆ ಕೂಡಲೇ ಬದಿಗೆ ಸರಿಯಿರಿ.

ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗಿದ್ದು, ಒಂದೆಡೆ ಕಲಿತದ್ದನ್ನು ಇನ್ನೊಂದೆಡೆ ನಂಬಿ ಕೂರುವಂತಿಲ್ಲ. ಜರ್ಮನಿಯ ಸಂಚಾರ ನಿಯಮಾವಳಿಯ 27ನೆಯ ಕಲಮಿನ ಪ್ರಕಾರ 15ಕ್ಕಿಂತ ಹೆಚ್ಚು ಸವಾರರು ಒಂದು ಕೂಡುಗುಂಪಾಗಿ, ಇಬ್ಬಿಬ್ಬರು ಅಕ್ಕಪಕ್ಕದಲ್ಲಿ ರಸ್ತೆಯ ಮೇಲೆಯೇ ಹೋಗಬಹುದು. ಆ ಗುಂಪು ಒಂದೇ ವಾಹನವೆಂದು ಪರಿಗಣಿತವಾಗುವುದರಿಂದ, ಮುಂದಿನವರು ಹಸಿರು ದೀಪದಲ್ಲಿ ದಾಟಿದ್ದರೆ ನಡುವೆ ಕೆಂಪು ದೀಪ ಬಂದರೂ ಉಳಿದವರು ಅವರನ್ನು ಹಿಂಬಾಲಿಸಬಹುದು. ಲಂಡನ್ನಿನಲ್ಲಿ ಈ ಸವಾರಿ 1994ರಿಂದ ನಡೆಯುತ್ತಿದ್ದು, ವಾಡಿಕೆಯಾಗಿ ನಡೆದುಬಂದ ಮೆರವಣಿಗೆಯಾದ ಇದಕ್ಕೆ ಪೊಲೀಸರಿಗೆ ಮುಂಚಿತವಾಗಿ ಸೂಚನೆ ಕೊಡಬೇಕಾಗಿಲ್ಲವೆಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2008ರಲ್ಲಿ ತೀರ್ಪಿತ್ತಿತು. ನ್ಯೂಯಾರ್ಕಿನ ಕಥೆಯೇ ಬೇರೆ. 2004ರ ಆಗಸ್ಟಿನಲ್ಲಿ, ರಿಪಬ್ಲಿಕನ್ ಪಕ್ಷದ ಅಧಿವೇಶನಕ್ಕೆ ಮುನ್ನ ನಡೆದ ಸವಾರಿಯಲ್ಲಿ 250ಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. 2007ರಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಸವಾರರ ಗುಂಪಿಗೆ ಪರವಾನಗಿ ಬೇಕೆಂಬ ನಿಯಮವೂ ಬಂದಿತು.

ಇದನ್ನು ಹೇಳುವುದು ಹೆದರಿಸಲೆಂದಲ್ಲ. ಆ ನೆಲದ ಪೌರರಿಗೆ ಒಂದು ದಂಡದೊಡನೆ ಮುಗಿಯುವ ಪ್ರಸಂಗ, ವೀಸಾದ ಮೇಲಿರುವ ನಮಗೆ ಮುಂದಿನ ಪ್ರತಿ ಅರ್ಜಿಯಲ್ಲೂ ವಿವರಿಸಬೇಕಾದ ಸಂಗತಿಯಾಗಬಹುದು. ಪೊಲೀಸರು ಚದುರಿರಿ ಎಂದರೆ ಪಕ್ಕದವರು ಏನೇ ಮಾಡಲಿ, ನೀವು ಸೈಕಲ್ಲಿನಿಂದಿಳಿದು ಅದನ್ನು ತಳ್ಳಿಕೊಂಡು ಪಾದಚಾರಿ ಮಾರ್ಗಕ್ಕೆ ಹೋಗಿಬಿಡಿ. ಹಾಗೆ ಹೋದವರನ್ನು ಹೇಡಿಯೆಂದು ಯಾರೂ ಹಂಗಿಸುವುದಿಲ್ಲ. ಮುಂದಾಳೇ ಇಲ್ಲದ ಕಡೆ ಬಿಟ್ಟುಹೋಗಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಮೊದಲ ಸಲ ಪರಿಚಿತರೊಬ್ಬರ ಜೊತೆ ಹೋಗಿ. ರಸ್ತೆಯ ಎಡಬದಿಯಲ್ಲಿ ಸಾಗುವ ಅಭ್ಯಾಸವಿರುವವರು ಬಲಬದಿಯ ಸಂಚಾರವಿರುವ ದೇಶದಲ್ಲಿ ಒಂದೆರಡು ವಾರ ಒಂಟಿಯಾಗಿ ಸೈಕಲ್ ತುಳಿದು ರೂಢಿಸಿಕೊಂಡ ಮೇಲೆಯೇ ಗುಂಪಿಗೆ ಸೇರುವುದು ಕ್ಷೇಮ. ಬ್ರೇಕು ಮತ್ತು ಎರಡೂ ದೀಪಗಳನ್ನು ಪರೀಕ್ಷಿಸಿಕೊಳ್ಳಿ. ಸವಾರಿ ಯಾವ ಮೂಲೆಯಲ್ಲಿ ಕೊನೆಗೊಳ್ಳುತ್ತದೆಂದು ಹೊರಡುವಾಗ ಯಾರಿಗೂ ತಿಳಿದಿರುವುದಿಲ್ಲ. ಆದ್ದರಿಂದ ರಾತ್ರಿಯ ರೈಲಿನಲ್ಲಿ ಸೈಕಲ್ ಹತ್ತಿಸಲು ಬಿಡುತ್ತಾರೆಯೇ ಎಂಬುದನ್ನು ಮನೆಯಲ್ಲಿರುವಾಗಲೇ ವಿಚಾರಿಸಿಕೊಂಡಿರಿ.