ಕನ್ನಡ ಪುಟವಿನ್ಯಾಸಕ್ಕೆ ವಿಂಡೋಸೋ, ಮ್ಯಾಕೋ, ಲಿನಕ್ಸೋ?

ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ನಿಮ್ಮ ಹಳೆಯ ಫೈಲುಗಳನ್ನು ತೆರೆದು ನೋಡಿ. ನಾನು ಧಾರವಾಡದಲ್ಲಿ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ಯಾವ ಆಪರೇಟಿಂಗ್ ಸಿಸ್ಟಂ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಮೊದಲು ಕೇಳುವುದು ಇಷ್ಟೇ: ಲೇಖಕರು ಬರಹ ಕಳಿಸುವುದು ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲೋ, ತನ್ನದೇ ಸಂಕೇತ ಬಳಸುವ ಹಳೆಯ ನುಡಿ ಫಾಂಟ್‌ನಲ್ಲೋ? ಪ್ರೆಸ್‌ನವರಿಗೆ ಬೇಕಾದದ್ದು ಪಿಡಿಎಫೋ, ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಫೈಲೋ?

ಪೇಜ್‌ಮೇಕರ್ ಬೇಕೇಬೇಕು ಎಂದಾದರೆ ವಿಂಡೋಸ್ ಬಿಟ್ಟು ಬೇರೆ ಯೋಚನೆ ಬೇಡ. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಅದರ ಕೊನೆಯದು. ಯೂನಿಕೋಡ್ ಕನ್ನಡ ಅದರಲ್ಲಿ ಕೂರುವುದಿಲ್ಲ. ಅದನ್ನು ಒಂದು ಹಳೆಯ ಯಂತ್ರದಲ್ಲಿ ಇಟ್ಟುಕೊಳ್ಳಿ, ಆ ಯಂತ್ರಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ.

ಕೆಲಸ ಯೂನಿಕೋಡ್‌ಗೆ ಬಂದಿದ್ದರೆ ಆಯ್ಕೆ ಹೆಚ್ಚು. ಪುಟವಿನ್ಯಾಸದ ಇನ್‌ಡಿಸೈನ್, ಚಿತ್ರ ತಿದ್ದುವ ಫೋಟೋಶಾಪ್ ಎರಡೂ ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ ನಡೆಯುತ್ತವೆ, ಲಿನಕ್ಸ್‌ಗೆ ಇಲ್ಲ. ಅಲ್ಲಿ ಪುಟವಿನ್ಯಾಸಕ್ಕೆ ಸ್ಕ್ರೈಬಸ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಚಿತ್ರ ಬರೆಯಲು ಕ್ರಿಟಾ ಇವೆ. ಸ್ಕ್ರೈಬಸ್ಸನ್ನು ಕಡೆಗಣಿಸಬೇಡಿ, ಮುದ್ರಣಕ್ಕೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಗಳ ಬಣ್ಣದ) ಪಿಡಿಎಫ್ ಅದು ಉಚಿತವಾಗಿಯೇ ಕೊಡುತ್ತದೆ. ವಿಡಿಯೋ ಸಂಕಲನ ಮಾಡುವವರಿಗೆ ಒಂದೇ ಮಾತು: ಫೈನಲ್ ಕಟ್ ಮ್ಯಾಕ್‌ನಲ್ಲಷ್ಟೇ ಇದೆ, ಡಾವಿಂಚಿ ರಿಸಾಲ್ವ್ ಮೂರರಲ್ಲೂ ಇದೆ, ಆದರೆ ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264 ಎಂಬ ಸಾಮಾನ್ಯ ಬಳಕೆಯ ರೂಪದ ವಿಡಿಯೋ ತೆಗೆದುಕೊಳ್ಳುವುದಿಲ್ಲ.

ಯಾವುದನ್ನೇ ಆರಿಸುವ ಮುಂಚೆ ಈ ಪರೀಕ್ಷೆ ಮಾಡಿ. 'ಸ್ತ್ರೀ, ರಾಷ್ಟ್ರೀಯ, ಅರ್ಕಾವತಿ, ಜ್ಞಾನ, ಕೃತ್ರಿಮ' ಎಂದು ಟೈಪ್ ಮಾಡಿ, ಪಿಡಿಎಫ್ ತೆಗೆದು, ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ಒತ್ತಕ್ಷರ ಪಕ್ಕಕ್ಕೆ ಜಾರಿದ್ದರೆ, ಅರ್ಕಾವೊತ್ತು ತಪ್ಪಿದ್ದರೆ, ಆ ಯಂತ್ರ ಎಷ್ಟೇ ವೇಗದ್ದಾದರೂ ನಮಗೆ ಬೇಡ. ಇನ್‌ಡಿಸೈನ್‌ನಲ್ಲಿ ಹೀಗಾದರೆ ಮೊದಲು ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಂಡು ಮತ್ತೆ ನೋಡಿ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವನ್ನು ಪೆನ್ ಡ್ರೈವ್‌ನಿಂದಲೇ ನಡೆಸಬಹುದು, ಹಾರ್ಡ್ ಡಿಸ್ಕ್ ಮುಟ್ಟದೆ ಇದೇ ಪರೀಕ್ಷೆ ಮುಗಿಸಬಹುದು.

ಇನ್ನು ಸುರಕ್ಷತೆ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕೇಡಿನ ತಂತ್ರಾಂಶ ಹರಡಿದಾಗ ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ಅನೇಕರ ಫೈಲುಗಳು ಹೋದವು. ಲಿನಕ್ಸ್‌ಗೂ ವಿನಾಯಿತಿಯಿಲ್ಲ, 2024ರಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೇ ಕಳ್ಳದಾರಿ ಸಿಕ್ಕಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಅಂಗ ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅಂಥದಕ್ಕೆ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ ಆವೃತ್ತಿ) ಹಾಕಿ, ಪ್ರತಿ ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ.

ನಮ್ಮ ಡಿಟಿಪಿ ಅಂಗಡಿಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದು ಹಂಚುವ ತಂತ್ರಾಂಶ. ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಅದರ ಜೊತೆಗೇ ಬರುತ್ತದೆ, ಮ್ಯಾಕ್‌ಗೂ ಬರುತ್ತದೆ. ದುಡ್ಡಿಲ್ಲದಿದ್ದರೆ ಸ್ಕ್ರೈಬಸ್ ಕಲಿಯಿರಿ, ಕ್ರ್ಯಾಕ್ ಬೇಡ.

ಡಿಸ್ಕ್‌ಗೆ ಬೀಗ ಹಾಕುವುದನ್ನು ಮರೆಯಬೇಡಿ: ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್, ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಷನ್ ಆಯ್ಕೆ. ಲ್ಯಾಪ್‌ಟಾಪ್ ಕಳುವಾದರೆ ಯಾರೋ ನಂಬಿ ಕೊಟ್ಟ ಅಪ್ರಕಟಿತ ಕಾದಂಬರಿ ಪರರ ಕೈಗೆ ಹೋಗಬಾರದು. ಆ ಬೀಗ ತೆರೆಯಲು ಬೇಕಾಗುವ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಬ್ಯಾಕಪ್ ಡಿಸ್ಕನ್ನು ನಕಲು ಮುಗಿದ ಕೂಡಲೇ ಕಳಚಿ. ಜೋಡಿಸಿಯೇ ಬಿಟ್ಟರೆ ವಾನಾಕ್ರೈನಂಥ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.