ಊರಿಂದ ಊರಿಗೆ ಸೈಕಲ್: ಒಂದು ದಿನದ ಪ್ರವಾಸ ಹೇಗೆ ಮಾಡುವುದು?

ದೊಡ್ಡ ರಸ್ತೆ ಬಿಟ್ಟು, ಸಣ್ಣ ಸಣ್ಣ ಊರುಗಳನ್ನು ಸುತ್ತಿ ಬರಲು ದುಬಾರಿ ಸೈಕಲ್ ಬೇಡ. ಪೈಲ್ವಾನರ ಕಾಲೂ ಬೇಡ. ಒಳ್ಳೆಯ ದಾರಿ, ಕೈಯಲ್ಲಿ ಸಾಕಷ್ಟು ಹೊತ್ತು ಇದ್ದರೆ ಆಯಿತು. 'ಇವತ್ತು ನೂರು ಕಿಲೋಮೀಟರ್ ಮುಗಿಸಲೇಬೇಕು' ಅಂತ ಹೊರಟವರು ಊರನ್ನು ನೋಡುವುದೇ ಇಲ್ಲ, ಸುಮ್ನೆ ದಾಟಿಕೊಂಡು ಹೋಗುತ್ತಾರೆ. ಹಾಗಾಗಿ ಮೊದಲು ಊರುಗಳನ್ನು ಆರಿಸಿಕೊಳ್ಳಿ. ಎಷ್ಟು ದೂರ ಅನ್ನುವುದು ಆಮೇಲಿನ ಮಾತು.

ದಾರಿ ಗೊತ್ತು ಮಾಡಿಕೊಳ್ಳಿ

ನಕ್ಷೆ ತೆರೆದು, ಒಂದಕ್ಕೊಂದು 10ರಿಂದ 15 ಕಿ.ಮೀ. ದೂರದಲ್ಲಿರುವ ನಾಲ್ಕೈದು ಊರುಗಳನ್ನು ಗುರುತು ಹಾಕಿ. ಎಲ್ಲ ಸೇರಿ ಒಂದು ಸುತ್ತು ಆದರೆ ಒಳ್ಳೆಯದು. ಹೋದ ದಾರಿಯಲ್ಲೇ ವಾಪಸ್ ಬರುವುದು ಬೇಸರ, ಅಲ್ವಾ? ಮೊದಲ ಸಲಕ್ಕೆ 50-60 ಕಿ.ಮೀ. ಧಾರಾಳವಾಯಿತು.

ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ತುಳಿದರೆ ಗಂಟೆಗೆ 15ರಿಂದ 18 ಕಿ.ಮೀ. ಸಾಗುತ್ತದೆ. ಆದರೆ ನೀರಿಗೆ ನಿಲ್ಲುತ್ತೀರಿ, ದಾರಿ ಕೇಳುತ್ತೀರಿ, ಮರದ ಕೆಳಗೆ ಕೂರುತ್ತೀರಿ. ಎಲ್ಲ ಸೇರಿಸಿ ಗಂಟೆಗೆ 10 ಕಿ.ಮೀ. ಅಂತಲೇ ಲೆಕ್ಕ ಹಿಡಿಯಿರಿ. 60 ಕಿ.ಮೀ.ಗೆ ಆರು ಗಂಟೆ. ಬೆಳಕು ಹರಿಯುವಾಗ ಹೊರಟರೆ ಕತ್ತಲಾಗುವ ಭಯವಿಲ್ಲ.

ದೂರಕ್ಕಿಂತ ಏರು ಜಾಸ್ತಿ ಕಾಡುತ್ತದೆ. ಒಂದು ಕಿ.ಮೀ.ಯಲ್ಲಿ 50 ಮೀಟರ್ ಮೇಲಕ್ಕೆ ಹೋದರೆ ಅದು ಶೇ 5ರ ಏರು. ಕಾರಿನಲ್ಲಿ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ, ಸೈಕಲ್ ಮೇಲಿರುವವರಿಗೆ ಬೆವರು ಕಿತ್ತು ಬರುತ್ತದೆ. ನಕ್ಷೆಯಲ್ಲಿ ಏರಿಳಿತ ತೋರಿಸುವ ಸೌಲಭ್ಯವಿದ್ದರೆ ಅದನ್ನು ನೋಡದೆ ದಾರಿ ಆರಿಸಬೇಡಿ.

ಗಾಳಿಯನ್ನೂ ಮರೆಯಬೇಡಿ. ಮೊದಲ ಅರ್ಧ ಎದುರು ಗಾಳಿ, ಕೊನೆಯ ಅರ್ಧ ಬೆನ್ನ ಹಿಂದಿನ ಗಾಳಿ ಸಿಗುವ ಹಾಗೆ ಸುತ್ತು ಹಾಕಿ. ಬಿಸಿಲೇರಿ ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುವುದು ಸಾಮಾನ್ಯ. ಗಾಳಿಗೆ ಎದುರಾಗಿ ವೇಗ ಹೆಚ್ಚಿಸಿದಷ್ಟೂ ಅದು ಒಡ್ಡುವ ತಡೆ ಇನ್ನೂ ಜಾಸ್ತಿಯಾಗುತ್ತದೆ. ಹಠ ಹಿಡಿದು ತುಳಿದರೆ ಸುಸ್ತಾಗುವುದು ನೀವೇ. ಗೇರು ಇಳಿಸಿ, ನಿಧಾನವಾಗಿ ಹೋಗಿ.

ಹಿಂದಿನ ಸಂಜೆಯ ಕೆಲಸ

ಸೀಟಿನ ಎತ್ತರದಿಂದ ಶುರು ಮಾಡಿ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಿಚಿರುತ್ತದೆ. ಸೀಟು ತಗ್ಗಿದ್ದರೆ ಸಂಜೆಯ ಹೊತ್ತಿಗೆ ಮಂಡಿ ನೋಯುವುದು ಖಂಡಿತ.

ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಇರಬೇಕು ಅಂತ ಬರೆದಿರುತ್ತದೆ. ಭಾರ ಜಾಸ್ತಿ ಬೀಳುವುದು ಹಿಂದಿನ ಚಕ್ರದ ಮೇಲೆ, ಅದಕ್ಕೆ ಸ್ವಲ್ಪ ಹೆಚ್ಚು ಗಾಳಿ ಇರಲಿ. ಬ್ರೇಕ್ ಹಿಡಿದು ನೋಡಿ. ಚೈನ್ ಒರೆಸಿ ಎಣ್ಣೆ ಬಿಡಿ, ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಿರಿ. ಇಲ್ಲದಿದ್ದರೆ ದಾರಿಯ ಧೂಳೆಲ್ಲ ಅಲ್ಲೇ ಅಂಟುತ್ತದೆ.

ಚೀಲವನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್‌ಗೆ ಕಟ್ಟಿ. ಒಂದು ಹೆಚ್ಚುವರಿ ಟ್ಯೂಬು, ಟೈರು ಬಿಡಿಸುವ ಎರಡು ಲಿವರ್, ಪ್ಯಾಚ್ ಮತ್ತು ಸೊಲ್ಯೂಷನ್, ಸಣ್ಣ ಪಂಪು, ಆರು ಮೂಲೆಯ ತೂತಿನ ಬೋಲ್ಟ್ ತಿರುಗಿಸುವ ಅಲೆನ್ ಕೀ, ಚಕ್ರಕ್ಕೆ ನಟ್ ಇದ್ದರೆ ಅದರ ಸ್ಪ್ಯಾನರ್, ಮುಂದೆ ಹಿಂದೆ ದೀಪ, ಎರಡು ಬಾಟಲಿ ನೀರು. ಹೆಲ್ಮೆಟ್ ಬಗ್ಗೆ ಚರ್ಚೆ ಬೇಡ, ಹಾಕಿಕೊಳ್ಳಿ.

ತುಳಿಯುವ ಲಯ

ಮೊದಲ ಒಂದು ಗಂಟೆ ನಿಮಗೆ ಬೇಕೆನಿಸಿದ್ದಕ್ಕಿಂತ ನಿಧಾನವಾಗಿ ಹೋಗಿ. ಪೆಡಲ್ ನಿಮಿಷಕ್ಕೆ 70ರಿಂದ 80 ಸುತ್ತು ಹಗುರವಾಗಿ ತಿರುಗುತ್ತಿರಲಿ. ಗಟ್ಟಿ ಗೇರು ಹಾಕಿ ಒತ್ತಿ ತುಳಿದರೆ ತೊಡೆ ಬೇಗ ಸೋಲುತ್ತದೆ.

ಗಂಟೆಗೆ ಅರ್ಧ ಲೀಟರ್ ನೀರು, ಬಿಸಿಲಿದ್ದರೆ ಇನ್ನೂ ಸ್ವಲ್ಪ. ಹಸಿವಾಗುವವರೆಗೆ ಕಾಯಬೇಡಿ. ಗಂಟೆಗೊಮ್ಮೆ ಒಂದು ಬಾಳೆಹಣ್ಣಿನಷ್ಟಾದರೂ ಹೊಟ್ಟೆಗೆ ಬೀಳಲಿ. ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಕೈಯ ಜಾಗ ಬದಲಿಸಿ. ರೈಲು ಹಳಿ ದಾಟುವಾಗ ಚಕ್ರ ಹಳಿಗೆ ನೇರ ಅಡ್ಡವಾಗಿರಬೇಕು. ಓರೆಯಾಗಿ ದಾಟಿದರೆ ಟೈರು ಸಂದಿಗೆ ಸಿಕ್ಕಿ ಬೀಳಿಸುತ್ತದೆ.

ಊರು ಬಂತು

ಈ ಪ್ರವಾಸದ ಜೀವ ಇರುವುದೇ ಇಲ್ಲಿ. ಊರು ಹತ್ತಿರವಾದಂತೆ ರಸ್ತೆಯ ಚಹರೆ ಬದಲಾಗುತ್ತದೆ. ಉಬ್ಬುಗಳು ಶುರುವಾಗುತ್ತವೆ, ರಸ್ತೆ ಮಧ್ಯೆ ನಾಯಿ ಮಲಗಿರುತ್ತದೆ, ಯಾವುದೋ ಓಣಿಯಿಂದ ಮಗು ಓಡಿ ಬರುತ್ತದೆ. ಬ್ರೇಕ್ ಮೇಲೆ ಬೆರಳಿಟ್ಟು, ಬೆಲ್ ಹೊಡೆಯುತ್ತಾ, ಓಡುವವರ ವೇಗಕ್ಕೆ ಇಳಿಯಿರಿ. ಪೇಟೆ ಬೀದಿಯಲ್ಲಿ ಜನ ಜಾಸ್ತಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. ತಳ್ಳಿಕೊಂಡು ಬರುವವರನ್ನು ಜನ ತಾವಾಗಿಯೇ ಮಾತನಾಡಿಸುತ್ತಾರೆ.

ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲನ್ನು ಜೋರಾಗಿ ಓಡಿಸಲು ಹೋಗಬೇಡಿ, ಓಡುವುದನ್ನು ಕಂಡರೆ ಅದಕ್ಕೆ ಹುರುಪು. ನಿಧಾನಿಸಿ, ಇಳಿದು, ಸೈಕಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಡೆಯಿರಿ. ಹೆಚ್ಚಿನವು ತಮ್ಮ ಗಡಿ ದಾಟಿದ ಮೇಲೆ ಸುಮ್ಮನಾಗುತ್ತವೆ.

ದಾರಿ ಕೇಳುವುದಕ್ಕೂ ಒಂದು ರೀತಿಯಿದೆ. 'ಮುಂದಿನ ಊರಿಗೆ ಇದೇ ದಾರೀನಾ?' ಅಂದರೆ ಎಷ್ಟೋ ಜನ 'ಹೌದು' ಅಂದುಬಿಡುತ್ತಾರೆ. 'ಮುಂದಿನ ಊರಿಗೆ ಯಾವ ದಾರಿ?' ಅಂತ ಕೇಳಿ. ಆಗ ಅವರು ಯೋಚಿಸಿ, ಕೈ ತೋರಿಸಿ ಹೇಳುತ್ತಾರೆ. ದೂರದ ಜೊತೆಗೆ ಡಾಂಬರೋ ಮಣ್ಣೋ, ಏರಿದೆಯೋ, ನಡುವೆ ನೀರು ಸಿಗುತ್ತದೆಯೋ ಅಂತಲೂ ವಿಚಾರಿಸಿ. ನಡೆದು ಅಥವಾ ಸೈಕಲ್‌ನಲ್ಲಿ ಓಡಾಡುವವರನ್ನೇ ಕೇಳುವುದು ಮೇಲು. ಬೈಕಿನವರಿಗೆ ಏರು ನೆನಪಿರುವುದಿಲ್ಲ.

ಪ್ರತಿ ಊರಿನಲ್ಲೂ ಬಾಟಲಿ ತುಂಬಿಸಿ, ಅರ್ಧ ಖಾಲಿಯಾಗಿದ್ದರೂ ಸರಿ. ಯಾವುದಾದರೂ ಒಂದು ಊರಿನಲ್ಲಿ ಗಂಟೆಗಟ್ಟಲೆ ಕೂರಿ. ಬಿಸಿಲು ಸುಡುವ ನಡುಮಧ್ಯಾಹ್ನ ಅದಕ್ಕೆ ಸರಿಯಾದ ಹೊತ್ತು. ಐದು ಊರು ಮುಟ್ಟಿ ಓಡುವುದಕ್ಕಿಂತ ಮೂರೇ ಊರು ಸಾಕು ಅನ್ನುವವನು ನಾನು.

ಪಂಕ್ಚರ್ ಆದರೆ

ಚಕ್ರ ಬಿಚ್ಚಿ, ಲಿವರ್‌ನಿಂದ ಟೈರಿನ ಒಂದು ಅಂಚು ಹೊರಗೆ ತಂದು ಟ್ಯೂಬು ಎಳೆಯಿರಿ. ಟ್ಯೂಬಿಗೆ ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದರೆ ತೂತಿನಿಂದ ಬರುವ ಗಾಳಿ ತಾಗುತ್ತದೆ. ತೂತು ಸಿಕ್ಕ ಕೂಡಲೇ ಹೊಸ ಟ್ಯೂಬು ಹಾಕಲು ಆತುರಪಡಬೇಡಿ. ಟೈರಿನ ಒಳಮೈಯಲ್ಲಿ ಬೆರಳನ್ನು ಮೆಲ್ಲಗೆ ಸುತ್ತ ಆಡಿಸಿ. ಮುಳ್ಳಿನ ಮುರಿದ ತುದಿ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಚುಚ್ಚುತ್ತದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತಿದ್ದರೆ ಮುಳ್ಳಿನ ತಪ್ಪಲ್ಲ. ಗಾಳಿ ಕಡಿಮೆಯಿದ್ದು, ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬು ಸಿಕ್ಕಿ ಹರಿದಿದೆ.

ಪ್ಯಾಚ್ ಹಾಕುವುದಾದರೆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಪ್ಯಾಚಿಗಿಂತ ದೊಡ್ಡದಾಗಿ ಸೊಲ್ಯೂಷನ್ ಸವರಿ. ಹಸಿ ಹೊಳಪು ಹೋಗುವವರೆಗೆ ಕೆಲವು ನಿಮಿಷ ಕಾಯಿರಿ. ಈ ಕಾಯುವಿಕೆ ತಪ್ಪಿದರೆ ಪ್ಯಾಚ್ ನಿಲ್ಲುವುದಿಲ್ಲ. ಆಮೇಲೆ ಗಟ್ಟಿಯಾಗಿ ಒತ್ತಿ. ಟ್ಯೂಬಿಗೆ ಒಂದಿಷ್ಟೇ ಗಾಳಿ ತುಂಬಿ ಒಳಗೆ ಕೂರಿಸಿದರೆ ಅದು ತಿರುಚಿಕೊಳ್ಳುವುದಿಲ್ಲ. ಟೈರಿನ ಅಂಚನ್ನು ಹೆಬ್ಬೆರಳಿನಿಂದಲೇ ತಳ್ಳಿ ಕೂರಿಸಿ, ಲಿವರ್ ಬಳಸಿದರೆ ಹೊಸ ತೂತು ಬೀಳಬಹುದು.

ಮನೆ ಮುಟ್ಟಿದ ಮೇಲೆ

ಸುಸ್ತಾಗಿದ್ದರೂ ಎರಡು ಚಕ್ರಗಳನ್ನೂ ಒಂದೊಂದು ಸುತ್ತು ತಿರುಗಿಸಿ ನೋಡಿ. ರಬ್ಬರಿನಲ್ಲಿ ಸಿಕ್ಕಿಕೊಂಡ ಗಾಜಿನ ಚೂರನ್ನು ಅವತ್ತೇ ಕೀಳಬೇಕು. ಬಿಟ್ಟರೆ ಅದು ಮುಂದಿನ ಸವಾರಿಯಲ್ಲಿ ಮೆಲ್ಲಗೆ ಒಳಗೆ ಇಳಿದು ಟ್ಯೂಬು ಮುಟ್ಟುತ್ತದೆ.